ನಲವತ್ತೊಂದು ಜನರ ಸೋದರಮಾವ

ಪ್ರೀತಿಯ ಮೇಷ್ಟ್ರೇ,

ನೀವಿದ್ದಾಗ ನಿಮಗೊಂದು ಕಾಗದ ಬರೆದವಳಲ್ಲ ನಾನು. ಫೋನಿತ್ತು, ಸಾಗರದಿಂದ ಹೊಸನಗರಕ್ಕೆ ಬಸ್ಸಿತ್ತು, ಯಾವಾಗ ಬೇಕಾದರೂ ಬಂದು ನಿಮ್ಮ ಎದುರು ಕೂತು ಹರಟಬಹುದು ಅಂದುಕೊಂಡೇ ಇದ್ದೆ. ಈಗ ನೀವು ಹೋಗಿ ಮೂರು ವರ್ಷವಾದ ಮೇಲೆ ಪೆನ್ನು ಹಿಡಿದಿದ್ದೇನೆ. ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ಸಂಬಳ ತಿಂದವಳಿಗೆ ತಪ್ಪೊಪ್ಪಿಕೊಳ್ಳುವಾಗ ಮಾತ್ರ ಕನ್ನಡವೇ ಬೇಕಾಗುತ್ತದೆ, ನಗಬೇಡಿ. ವಿಷಯ ಇಷ್ಟು: ಈ ವರ್ಷ ನಮ್ಮ ಕಾಲೇಜಿನ ನಲವತ್ತೊಂದು ಹುಡುಗ ಹುಡುಗಿಯರು ನಿಮ್ಮನ್ನು ತಮ್ಮ ಸ್ವಂತ ಸೋದರಮಾವ ಎಂದು ಹೇಳಿಕೊಂಡು ಸಿಕ್ಕಿಬಿದ್ದರು. ಹಾಗೆ ಹೇಳಲು ಕಲಿಸಿದವಳು ನಾನು.

ತೀರ್ಥಹಳ್ಳಿಯ ಕಾಲೇಜಿನಲ್ಲಿ ನಿಮ್ಮ ಮೊದಲ ಕ್ಲಾಸು ನನಗೆ ಚೆನ್ನಾಗಿ ನೆನಪಿದೆ. ಬಿಳಿ ಅಂಗಿ, ಎಡಜೇಬಿನ ಕೆಳಗೆ ನೀಲಿ ಶಾಯಿಯ ಕಲೆ. ಪಠ್ಯಪುಸ್ತಕವನ್ನು ಮೇಜಿನ ಮೇಲೆ ಕವುಚಿ ಹಾಕಿ, "ಇವತ್ತು ಬೆಳಿಗ್ಗೆ ನಿಮ್ಮೂರಲ್ಲಿ ಎಂತ ಆಯ್ತು? ಇಂಗ್ಲಿಷಲ್ಲಿ ಹೇಳಿ, ತಪ್ಪಾದ್ರೂ ಅಡ್ಡಿಲ್ಲ," ಎಂದಿರಿ. ಯಾರೂ ಬಾಯಿ ಬಿಡಲಿಲ್ಲ. ನೀವು ಕಿಟಕಿಗೆ ಒರಗಿ ಕಾದಿರಿ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಮುಂದಿನ ಬೆಂಚಿನ ಡಾಕ್ಟರ ಮಗ ಎದ್ದು ಏನೋ ಹೇಳಿದ, ನಿಮಗೆ ಬಹಳ ಸಂತೋಷವಾಯಿತು. ಮೂರು ವರ್ಷವೂ ಹೆಚ್ಚು ಕಡಿಮೆ ಹೀಗೇ ನಡೆಯಿತು. ನೀವು ಕಾಯುತ್ತಿದ್ದಿರಿ, ಮುಂದಿನ ಬೆಂಚಿನ ನಾಲ್ಕು ಜನ ಮಾತಾಡುತ್ತಿದ್ದರು, ಉಳಿದ ನಾವು ಡೆಸ್ಕಿನ ಮೇಲೆ ಹಳೆಯ ಬ್ಯಾಚಿನವರು ಕೆತ್ತಿದ ಹೆಸರು ಓದುತ್ತಿದ್ದೆವು. ನಿಮ್ಮ ಕ್ಲಾಸೆಂದರೆ ನನಗೆ ಪ್ರಾಣ. ಜ್ವರ ಬಂದರೂ ತಪ್ಪಿಸಿದವಳಲ್ಲ. ಆದರೆ ಮೇಷ್ಟ್ರೇ, ಆ ಮೂರು ವರ್ಷದಲ್ಲಿ ನಾನು ನಿಮ್ಮ ಎದುರು ಒಂದಾದರೂ ಇಂಗ್ಲಿಷ್ ವಾಕ್ಯ ಆಡಿದ್ದು ನಿಮಗೆ ನೆನಪಿದೆಯೇ? ಇರಲಿಕ್ಕಿಲ್ಲ. ನಾನು ಆಡಿರಲೇ ಇಲ್ಲ.

ನೀವು ಹೋದ ಮರುವರ್ಷ ನಮ್ಮ ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಹೊಸ ಸುದ್ದಿ ಹೇಳಿದರು. ಇನ್ನು ಮುಂದೆ ಅಂತಿಮ ವರ್ಷದವರೆಲ್ಲ ಹೊರಗಿನ ಸಂಸ್ಥೆಯೊಂದು ನಡೆಸುವ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಬರೆಯಬೇಕು. ಬರೆಯುವುದೇನು ಬಂತು, ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಎದುರು ಕೂತು ಕೇಳಬೇಕು, ಓದಬೇಕು, ಟೈಪ್ ಮಾಡಬೇಕು. ಕೊನೆಗೆ ಪರದೆಯ ಮೇಲೆ ಬರುವ ವಿಷಯದ ಬಗ್ಗೆ ಮೈಕಿಗೆ ಒಂದು ನಿಮಿಷ ಮಾತಾಡಬೇಕು. ಇದಕ್ಕೆ ಬೇರೆಯದೇ ಸರ್ಟಿಫಿಕೇಟು. ಕೆಲಸ ಕೊಡುವವರೂ ಹೊರರಾಜ್ಯದ ವಿಶ್ವವಿದ್ಯಾಲಯದವರೂ ಈಗ ಅದನ್ನೇ ಕೇಳುತ್ತಾರಂತೆ. ಮೊದಲ ವರ್ಷ ನಮ್ಮ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನರು ಮೈಕಿನ ಎದುರು ಕೆಮ್ಮಿದ್ದೇ ಬಂತು, ಮಾತು ಬರಲಿಲ್ಲ. ಫಲಿತಾಂಶ ಬಂದ ದಿನ ಪ್ರಿನ್ಸಿಪಾಲರು ನನ್ನನ್ನು ಕರೆದು, "ಮೇಡಮ್ನೋರೇ, ನೀವು ಕ್ಲಾಸಲ್ಲಿ ಪಾಠ ಮಾಡ್ತೀರೋ, ಕಥೆ ಹೇಳ್ತೀರೋ?" ಎಂದರು. ಎರಡನ್ನೂ ನಾನು ನಿಮ್ಮಿಂದಲೇ ಕಲಿತದ್ದು. ಯಾವುದು ಪಾಠ, ಯಾವುದು ಕಥೆ ಎಂದು ನನಗೇ ಗೊತ್ತಿರಲಿಲ್ಲ, ಅವರಿಗೆ ಏನು ಹೇಳಲಿ?

ಮರುದಿನ ಕ್ಲಾಸಿಗೆ ಹೋದಾಗ ನನ್ನ ಕೈಯಲ್ಲಿ ಪುಸ್ತಕವಿರಲಿಲ್ಲ, ಮೊಬೈಲಿನ ಸ್ಟಾಪ್‌ವಾಚ್ ಇತ್ತು. ಅಲ್ಲಿಂದ ಒಂದೂವರೆ ವರ್ಷ ನಾನು ಮಾಡಿದ ಪಾಠವನ್ನು ನೀವು ಬಾಗಿಲಲ್ಲಿ ನಿಂತು ಕೇಳಿದ್ದರೆ... ಬೇಡ, ಕೇಳದಿದ್ದದ್ದೇ ಒಳ್ಳೆಯದಾಯಿತು. ಮೂವತ್ತು ಸೆಕೆಂಡು ಯೋಚಿಸು, ಅರವತ್ತು ಸೆಕೆಂಡು ಮಾತಾಡು, ಕೂತುಕೋ, ನೆಕ್ಸ್ಟ್. ನಡುವೆ ನಿಲ್ಲಬೇಡ, ನಿಂತರೆ ಅಂಕ ಹೋಗುತ್ತದೆ. ಏನೂ ತೋಚದಿದ್ದರೆ 'ನೌವಡೇಸ್' ಎಂದು ಶುರು ಮಾಡು, ನಡುವೆ ಎರಡು 'ಮೋರೋವರ್' ಹಾಕು. ಯೋಚಿಸಲು ನಿಲ್ಲುವುದೇ ತಪ್ಪು ಎಂದು ಮಕ್ಕಳಿಗೆ ಹೇಳಿಕೊಟ್ಟೆ, ನಿಮ್ಮ ಶಿಷ್ಯೆ! ಒಂದು ದಿನ ತಡೆಯಲಾರದೆ ಪಠ್ಯದ ಕಥೆಯೊಂದನ್ನು ಓದಲು ಹೊರಟೆ. ಕೊನೆಯ ಬೆಂಚಿನಿಂದ ಒಬ್ಬ ಬಹಳ ವಿನಯದಿಂದ ಕೇಳಿದ, "ಮೇಡಮ್, ಇದು ಟೆಸ್ಟಿಗೆ ಬರ್ತದಾ?" ಬರುವುದಿಲ್ಲ ಎಂದೆ. ಎಲ್ಲರೂ ಪೆನ್ನಿಗೆ ಮುಚ್ಚಳ ಹಾಕಿದರು. ಅವರದೇನು ತಪ್ಪು? ಈ ಕ್ಲಾಸಿನಲ್ಲಿ ಬೆಲೆ ಯಾವುದಕ್ಕೆ ಎಂದು ನಾನೇ ದಿನಾ ಸ್ಟಾಪ್‌ವಾಚ್ ಎತ್ತಿ ತೋರಿಸುತ್ತಿದ್ದೆನಲ್ಲ.

ಚೈತ್ರ ಎಂಬ ಹುಡುಗಿ ಮೊದಲ ಸಲ ಎದ್ದು ನಿಂತ ದಿನವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಚೈತ್ರ ಅಣೆಕಟ್ಟಿನ ಹಿನ್ನೀರಿನಾಚೆ ತುಮರಿ ಕಡೆಯವಳು, ಸಾಗರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮೊದಲ ವರ್ಷವಿಡೀ ಹಾಜರಿ ಕೂಗಿದಾಗ 'ಎಸ್ ಮ್ಯಾಮ್' ಎಂದದ್ದು ಬಿಟ್ಟರೆ ಅವಳ ಇಂಗ್ಲಿಷ್ ಕೇಳಿದವರಿಲ್ಲ. ಸ್ಟಾಪ್‌ವಾಚ್ ಬಂದ ಮೇಲೆ ಎಲ್ಲರಿಗೂ ಪಾಳಿ ಬಂತು, ತಪ್ಪಿಸಿಕೊಳ್ಳುವಂತಿರಲಿಲ್ಲ. ಎದ್ದಳು, ದುಪಟ್ಟಾದ ತುದಿ ತಿರುಚುತ್ತಾ ಹದಿನೇಳು ಸೆಕೆಂಡು ಮಾತಾಡಿದಳು. ಮುಂದಿನ ತಿಂಗಳು ನಲವತ್ತು. ಆರು ತಿಂಗಳಲ್ಲಿ ಅರವತ್ತು ಸಾಲದೆ ಹೋಗುತ್ತಿತ್ತು. ಕಿಟಕಿಗೆ ಒರಗಿ ಎಷ್ಟು ಕಾದರೂ ನಿಮಗೆ ಸಿಗದ ನನ್ನಂಥ ಹುಡುಗಿ ಒಂದು ಪರೀಕ್ಷೆಯ ಹೆದರಿಕೆಗೆ ಸಿಕ್ಕಿದಳಲ್ಲ, ಇದಕ್ಕೆ ಏನೆನ್ನುತ್ತೀರಿ? ಪರೀಕ್ಷೆಯೇ ಪೀಡೆ ಎಂದು ಬೈದು ಕೈ ತೊಳೆದುಕೊಳ್ಳಲು ನನಗೆ ಆಗದಿರುವುದು ಇವಳಿಂದಾಗಿ. ಈ ವರ್ಷ ಅವಳಿಗೆ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಕಾರ್ಯದ ಎಂ.ಎ. ಸೀಟು ಸಿಕ್ಕಿತು, ಆದರೆ ಷರತ್ತಿನ ಮೇಲೆ. ಜುಲೈ ಕೊನೆಯೊಳಗೆ ಈ ಪರೀಕ್ಷೆಯ ಸರ್ಟಿಫಿಕೇಟು ಕೊಡಬೇಕು, ಕೊಡದಿದ್ದರೆ ಸೀಟು ಮುಂದಿನವರ ಪಾಲು. ಆ ಪತ್ರವನ್ನು ಅವಳು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ನಿಮ್ಮನ್ನು ಮಾವನನ್ನಾಗಿ ಮಾಡಿದ ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೆ. ಹಳೆಯ ಪ್ರಶ್ನೆಗಳನ್ನು ಹರಡಿಕೊಂಡು ನೋಡುತ್ತಿದ್ದೆ. ನೀವು ಮೆಚ್ಚುವ ವ್ಯಕ್ತಿ, ನಿಮಗೆ ಸಹಾಯ ಮಾಡಿದವರು, ಮರೆಯಲಾಗದ ಪ್ರಯಾಣ, ನಿಮಗೆ ಸಿಕ್ಕ ಉಡುಗೊರೆ. ಎಲ್ಲ ಜ್ವರಕ್ಕೂ ಒಂದೇ ಕಷಾಯ ಕುದಿಸಬಹುದು ಎಂದು ಹೊಳೆಯಿತು. ಒಬ್ಬ ಸೋದರಮಾವನಿದ್ದರೆ ಸಾಕು. ಮೆಚ್ಚಿದ್ದು ಅವನನ್ನು, ಸಹಾಯ ಮಾಡಿದ್ದು ಅವನು, ಪ್ರಯಾಣ ಹೋದದ್ದು ಅವನ ಜೊತೆ, ಉಡುಗೊರೆ ಕೊಟ್ಟದ್ದೂ ಅವನೇ. ನಮ್ಮ ಕಡೆ ಸೋದರಮಾವನಿಲ್ಲದ ಮನೆ ಯಾವುದಿದೆ ಹೇಳಿ? ಯಾವುದೋ ಗೈಡಿನ ಮಾವನ ಹಾಗೆ ನಾಲ್ಕು ಸಪ್ಪೆ ವಾಕ್ಯ ಬರೆದಿದ್ದರೆ ಆಗಿಹೋಗುತ್ತಿತ್ತು. ನನ್ನ ಕೈ ಕೇಳಲಿಲ್ಲ. ಎತ್ತರದ ಮನುಷ್ಯ, ಬಿಳಿ ಅಂಗಿ, ಎಡಜೇಬಿನ ಕೆಳಗೆ ನೀಲಿ ಶಾಯಿಯ ಕಲೆ, ಪ್ರಶ್ನೆ ಕೇಳಿ ಕಿಟಕಿಗೆ ಒರಗಿ ಕಾಯುತ್ತಾನೆ, ಬಸ್ಸಿನಲ್ಲಿ ಪಕ್ಕದವರ ಊರು ಯಾವುದೆಂದು ಕೇಳದೆ ಇಳಿಯುವುದಿಲ್ಲ... ಹೀಗೆ ಹನ್ನೆರಡು ವಾಕ್ಯ. ಆ ಒಂದೂವರೆ ವರ್ಷದಲ್ಲಿ ನಾನು ಖುಷಿಯಿಂದ ಬರೆದದ್ದು ಅದೊಂದೇ. ಬರೆಯುವಾಗ ನಿಮ್ಮ ಜೊತೆ ಮಾತಾಡಿದ ಹಾಗಾಯಿತು, ಕಣ್ಣು ತುಂಬಿತು. ಮರುದಿನ ಅದನ್ನು ಜೆರಾಕ್ಸ್ ಮಾಡಿಸಿ ಹಂಚಿದೆ.

ಪರೀಕ್ಷೆಯ ದಿನ ನಾನು ಕಂಪ್ಯೂಟರ್ ಲ್ಯಾಬಿನ ಹೊರಗೆ ನಿಂತಿದ್ದೆ. ಒಂದು ಸಲಕ್ಕೆ ಇಪ್ಪತ್ತು ಮಕ್ಕಳು. ಬಾಗಿಲು ಹಾಕಿದ್ದರೂ ಒಳಗಿನದು ಕೇಳುತ್ತಿತ್ತು. ಮೊದಲು ಒಂದು ದನಿ, "ಮೈ ಅಂಕಲ್ ಈಸ್ ಎ ಟಾಲ್ ಮ್ಯಾನ್." ಆಮೇಲೆ ಇನ್ನೊಂದು. ಆಮೇಲೆ ಐದು. ಆಮೇಲೆ ಎಲ್ಲ ಸೇರಿ ಶನಿವಾರದ ಭಜನೆ. ಒಬ್ಬನಿಗೆ 'ನೀವು ದಿನಾ ಬಳಸುವ ಯಂತ್ರ' ಎಂಬ ವಿಷಯ ಬಂದಿತ್ತಂತೆ. ಅವನು ಮಾವನ ಕೈಯಿಂದ ಮನೆಗೊಂದು ಮಿಕ್ಸಿ ಕೊಡಿಸಿ, ಮಿಕ್ಸಿಯನ್ನು ಅಲ್ಲೇ ಬಿಟ್ಟು, ಸೀದಾ ಶಾಯಿಯ ಕಲೆಗೆ ಬಂದನಂತೆ. ನನಗೆ ಹೆಮ್ಮೆಯಾಯಿತು ಮೇಷ್ಟ್ರೇ, ಸುಳ್ಳೇಕೆ ಹೇಳಲಿ. ಒಬ್ಬರೂ ತಡವರಿಸಲಿಲ್ಲ. ಹಳ್ಳಿ ಹಳ್ಳಿಯಿಂದ ಬಂದ ನಲವತ್ತೊಂದು ಮಕ್ಕಳು ಮೈಕಿಗೆ ಹೆದರದೆ ಒಂದು ನಿಮಿಷ ಪೂರ್ತಿ ಇಂಗ್ಲಿಷ್ ಮಾತಾಡಿದರು. ಏನು ಮಾತಾಡಿದರು ಎಂದು ಯೋಚಿಸಲು ನಾನೂ ನಿಲ್ಲಲಿಲ್ಲ.

ಮೂರು ವಾರದ ಮೇಲೆ ಪರೀಕ್ಷೆ ನಡೆಸುವ ಸಂಸ್ಥೆಯಿಂದ ಇಮೇಲ್ ಬಂತು. ನಲವತ್ತೊಂದು ಜನರ ಉತ್ತರ ಒಂದೇ ಆಗಿರುವುದರಿಂದ ಫಲಿತಾಂಶ ತಡೆಹಿಡಿಯಲಾಗಿದೆ, ಇದು ಹೇಗಾಯಿತೆಂದು ಕಾಲೇಜು ಬರೆದು ತಿಳಿಸಬೇಕು. ವಿದ್ಯಾರ್ಥಿಗಳೇ ಮಾಡಿಕೊಂಡದ್ದಾದರೆ ಆರು ತಿಂಗಳು ಪರೀಕ್ಷೆಗೆ ಕೂರುವಂತಿಲ್ಲ. ಕಲಿಸಿದವರಿಂದ ಆದದ್ದಾದರೆ, ವೀಡಿಯೊ ಕರೆಯಲ್ಲಿ ಪರೀಕ್ಷಕರ ಎದುರು ನೇರವಾಗಿ ಮಾತಾಡಲು ಅವರಿಗೆ ಒಂದು ಅವಕಾಶ ಕೊಡಲಾಗುವುದು. ಗೈಡಿನ ಅಜ್ಜ ಅಜ್ಜಿಯರು ಎಷ್ಟೋ ಊರಿನಲ್ಲಿ ಪಾರಾಗಿರಬಹುದು, ಶಾಯಿ ಕಲೆಯ ಮಾವ ಪಾರಾಗಲಿಲ್ಲ. ನಿಮ್ಮನ್ನು ಒಮ್ಮೆ ಕಂಡವರು ಮರೆಯುವುದಿಲ್ಲ ಎನ್ನುವುದೇ ಮುಳುವಾಯಿತು. ಚೈತ್ರ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅಳಲಿಲ್ಲ, ಕೂಗಲಿಲ್ಲ. "ಆರು ತಿಂಗಳು ಅಂದ್ರೆ ನನ್ನ ಸೀಟು ಹೋಯ್ತಲ್ಲ ಮೇಡಮ್," ಎಂದಳು, ಅಷ್ಟೇ.

ಅವತ್ತು ಸಂಜೆ ಪ್ರಿನ್ಸಿಪಾಲರು ನನ್ನನ್ನು ಕೂರಿಸಿಕೊಂಡು ತಣ್ಣಗೆ ಹೇಳಿದರು. "ಮಕ್ಕಳು ಎಲ್ಲೋ ಮೊಬೈಲಲ್ಲಿ ನೋಡಿ ಬಾಯಿಪಾಠ ಮಾಡ್ಕಂಡಿದಾರೆ ಅಂತ ಬರ್ದುಬಿಡಿ. ಆರು ತಿಂಗಳು ಎಂತ ದೊಡ್ಡದು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗ್ತದೆ. ನಿಮ್ಮ ಹೆಸ್ರೂ ಉಳೀತದೆ, ಕಾಲೇಜಿನ ಹೆಸ್ರೂ ಉಳೀತದೆ." ಅವರು ಕೆಟ್ಟವರಲ್ಲ. ಮುಂದಿನ ವರ್ಷ ಅಡ್ಮಿಷನ್ ಇಳಿದರೆ ಎಂಬ ಚಿಂತೆ ಅವರಿಗೆ. ನಾನು ಮನೆಗೆ ಹೋಗಿ ಟೈಪ್ ಮಾಡಿದೆ. ಹೌದು, ಮಾಡಿದೆ. 'ಶಿಕ್ಷಕರ ಗಮನಕ್ಕೆ ಬಾರದಂತೆ ವಿದ್ಯಾರ್ಥಿಗಳು' ಎಂದು ಶುರುವಾಗುವ ಅರ್ಧ ಪುಟ, ಒಳ್ಳೆಯ ಇಂಗ್ಲಿಷಿನಲ್ಲಿ. ಅದನ್ನು ಕಳಿಸಲಿಲ್ಲ, ಅಳಿಸಲೂ ಇಲ್ಲ. ಎರಡು ದಿನ ಅದು ಹಾಗೇ ಇತ್ತು.

ಆ ಎರಡು ದಿನ ನನಗೆ ಮತ್ತೆ ಮತ್ತೆ ನೆನಪಾದದ್ದು ಎರಡನೇ ಬಿ.ಎ.ಯಲ್ಲಿ ನಾನು ನಿಮಗೆ ಬರೆದುಕೊಟ್ಟ ಒಂದು ಪ್ರಬಂಧ. 'ನನ್ನ ತಾಯಿ' ಎಂದು ಬರೆಯಲು ಹೇಳಿದ್ದಿರಿ. ನಾನು ಗೈಡಿನಿಂದ ಇಳಿಸಿದೆ. ಗೈಡಿನ ತಾಯಿ ಬೆಳಿಗ್ಗೆ ಲಾನಿನ ಮೇಲೆ ವಾಕಿಂಗ್ ಮಾಡಿ ಸಂಜೆ ಪಿಯಾನೊ ನುಡಿಸುತ್ತಿದ್ದಳು. ನನ್ನಮ್ಮ ಹುಡುಗರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ನೀವು ಸ್ಟಾಫ್ ರೂಮಿಗೆ ಕರೆದು, "ಇದು ಯಾರ ಅಮ್ಮ ಮಾರಾಯ್ತಿ? ನಿನ್ನಮ್ಮನ ವಿಷ್ಯ ಹೇಳು," ಎಂದಿರಿ. ಕನ್ನಡದಲ್ಲಿ ಅರ್ಧ ಗಂಟೆ ಹೇಳಿದೆ. "ಇದನ್ನೇ ಬರ್ಕೊಂಡು ಬಾ," ಎಂದಿರಿ. ನನಗೆ ಬರುತ್ತಿದ್ದ ಮುರುಕು ಇಂಗ್ಲಿಷಿನಲ್ಲಿ, ರಾತ್ರಿ ಹಗಲು ಒದ್ದಾಡಿ, ನನ್ನಮ್ಮನನ್ನೇ ಬರೆದೆ. ನೀವು ಹತ್ತಕ್ಕೆ ನಾಲ್ಕು ಕೊಟ್ಟಿರಿ. ಪಿಯಾನೊ ತಾಯಿಯನ್ನು ಹಾಗೇ ಇಳಿಸಿದ್ದ ಪಕ್ಕದ ಹುಡುಗಿಗೆ ಏಳು! ಕೇಳಲು ಬಂದಾಗ, "ನಿಂದೇ ಒಳ್ಳೇದು, ಆದ್ರೆ ತಪ್ಪು ಜಾಸ್ತಿ. ಯೂನಿವರ್ಸಿಟಿಯವ್ರು ಹೀಗೇ ನೋಡೋದು," ಎಂದು ನಕ್ಕಿರಿ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನಗೆ ಇವತ್ತಿಗೂ ಆ ನಾಲ್ಕರ ಮೇಲೆ ಸಿಟ್ಟಿದೆ ಮೇಷ್ಟ್ರೇ. ಪ್ರೀತಿಯನ್ನು ಒಬ್ಬಳಿಗೆ, ಅಂಕವನ್ನು ಇನ್ನೊಬ್ಬಳಿಗೆ ಕೊಟ್ಟರೆ ಕ್ಲಾಸಿನಲ್ಲಿ ಕೂತ ಹುಡುಗಿ ಏನು ಕಲಿಯುತ್ತಾಳೆ? ತನ್ನದನ್ನು ಹೇಳಿದರೆ ನಷ್ಟ, ಯಾರದ್ದನ್ನೋ ಹೇಳಿದರೆ ಲಾಭ ಎಂದು ಕಲಿಯುತ್ತಾಳೆ. ನಾನು ಅದನ್ನೇ ಕಲಿತೆ. ಇಪ್ಪತ್ತನಾಲ್ಕು ವರ್ಷದ ಮೇಲೆ ಅದನ್ನೇ ನಲವತ್ತೊಂದು ಜನಕ್ಕೆ ಕಲಿಸಿದೆ. ನೀವೂ ಪಾಪ, ಮೇಲಿನವರು ನೋಡುವ ಹಾಗೇ ನೋಡುತ್ತಿದ್ದಿರಿ. ನಾನು ಬೈಯುವುದು ಯಾರನ್ನು, ನಿಮ್ಮನ್ನೋ, ನನ್ನನ್ನೋ... ಇರಲಿ.

ಭಾನುವಾರ ಬೆಳಿಗ್ಗೆ ಹೊಸನಗರದ ಬಸ್ಸು ಹತ್ತಿದೆ. ನಿಮ್ಮ ಲಲಿತಮ್ಮ ಈಳಿಗೆಮಣೆ ಹಾಕಿಕೊಂಡು ಬೆಂಡೆಕಾಯಿ ಹೆಚ್ಚುತ್ತಿದ್ದರು. ಎದುರು ಕೂತು ಒಂದೂ ಬಿಡದೆ ಹೇಳಿದೆ. ಅವರು ಅತ್ತಾರು ಅಂದುಕೊಂಡಿದ್ದೆ. ಗಂಡನ ಶಾಯಿ ಕಲೆ ಊರೆಲ್ಲ ಸುತ್ತಿ ಬಂದ ಕಥೆ ಕೇಳಿದರೆ ಯಾರಿಗಾದರೂ ಬೇಜಾರಾಗುವುದಿಲ್ಲವೇ? ಲಲಿತಮ್ಮ ಕೈಯಲ್ಲಿದ್ದ ಬೆಂಡೆಕಾಯಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾರೆ ನಾನು ನಲವತ್ತೊಂದು ಜನಕ್ಕೆ ಅತ್ತೆ ಆದ್ನಾ! ಬದುಕಿದ್ದಾಗ ಒಬ್ಬ ಅಳಿಯನ್ನ ಊಟಕ್ಕೆ ಕರ್ಕಂಡು ಬಂದವ್ರಲ್ಲ, ಈಗ ಬಸ್ಸು ತುಂಬ ಕಳಿಸಿದಾರೆ ನೋಡು." ನಗು ನಿಂತ ಮೇಲೆ ಮತ್ತೆ ಬೆಂಡೆಕಾಯಿ ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದರು. "ಅಲ್ಲ ಮಾರಾಯ್ತಿ, ನಂಗೆ ಇಂಗ್ಲಿಷು ಬರೂದಿಲ್ಲ. ಆದ್ರೂ ಕೇಳ್ತೀನಿ. ಮಾವ ಅಂತ ಹೇಳ್ಕೊಟ್ಟವ್ಳು ನೀನು, ಆ ಕೂಸು ಎಂತಕ್ಕೆ ಮನೇಲಿ ಕೂರ್ಬೇಕು?"

ವಾಪಸ್ ಬರುವ ಬಸ್ಸಿನಲ್ಲಿ ಮೊಬೈಲಿನಲ್ಲೇ ಬರೆದೆ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಸಂಸ್ಥೆಗೆ ಕಳಿಸಿದೆ. ಈ ಉತ್ತರ ಬರೆದವಳು ನಾನು, ಬಾಯಿಪಾಠ ಮಾಡಿಸಿದವಳು ನಾನು, ಇದರಲ್ಲಿರುವ ಮನುಷ್ಯ ಈ ಮಕ್ಕಳಲ್ಲಿ ಯಾರ ಮಾವನೂ ಅಲ್ಲ, ನನ್ನ ಗುರು. ಅಷ್ಟೇ. ಪ್ರಿನ್ಸಿಪಾಲರು ಮೆಮೊ ಕೊಟ್ಟರು, ಪರೀಕ್ಷೆಯ ಉಸ್ತುವಾರಿಯನ್ನು ಕಾಮರ್ಸಿನವರಿಗೆ ವಹಿಸಿದರು, ಎದುರು ಸಿಕ್ಕರೆ ನೋಟೀಸ್ ಬೋರ್ಡು ಓದತೊಡಗಿದರು. ಸಂಸ್ಥೆಯವರು ಮಕ್ಕಳಿಗೆ ಅವಕಾಶ ಕೊಟ್ಟರು. ಅದಕ್ಕೆ ಹನ್ನೊಂದು ದಿನ ಇತ್ತು.

ಮರುದಿನವೇ ಕ್ಲಾಸಿಗೆ ಹೋಗಿ ಕ್ಷಮೆ ಕೇಳಿದೆ. ಈ ಸಲ ನಾನು ಏನೂ ಬರೆದುಕೊಡುವುದಿಲ್ಲ, ಪ್ರತಿಯೊಬ್ಬರೂ ನಿಮ್ಮ ನಿಮ್ಮ ಬದುಕಿನ ಒಬ್ಬರ ಬಗ್ಗೆ ಹೇಳಿ ಎಂದೆ. ಸ್ವಲ್ಪ ಭಾಷಣವೇ ಆಯಿತು, ನನಗೇ ನನ್ನ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಕ್ಲಾಸು ಮುಗಿದ ಮೇಲೆ ಚೈತ್ರ ಒಬ್ಬಳೇ ಉಳಿದಳು.

"ಮೇಡಮ್, ನಂಗೆ ಬೇರೆ ಉತ್ರ ಬರ್ದುಕೊಡಿ."

"ನಿನ್ನದೇ ಹೇಳು ಚೈತ್ರ, ಚೆನ್ನಾಗಿರ್ತದೆ."

"ಚೆನ್ನಾಗಿರೋದು ನಿಮ್ಗೆ. ತಪ್ಪಾದ್ರೆ ಸೀಟು ಹೋಗೋದು ನಂದು. ಆವತ್ತು ನಿಮ್ಮ ಮಾತು ಕೇಳಿ ಹಿಂಗಾಯ್ತು. ಇವತ್ತೂ ನಿಮ್ಮ ಮಾತೇ ಕೇಳ್ಬೇಕಾ?"

ಇಪ್ಪತ್ತು ವರ್ಷದಲ್ಲಿ ನನ್ನ ಮುಖಕ್ಕೆ ಹೊಡೆದ ಹಾಗೆ ಯಾವ ವಿದ್ಯಾರ್ಥಿಯೂ ಮಾತಾಡಿರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಪಶ್ಚಾತ್ತಾಪ ನನ್ನದು, ಅದರ ದಂಡ ಅವಳು ಏಕೆ ಕಟ್ಟಬೇಕು? ಆಗಲಿ, ಬರೆದುಕೊಡುತ್ತೇನೆ ಎಂದೆ. ಆದರೆ ನೀನು ಹೇಳಿದ್ದನ್ನು ಮಾತ್ರ ಬರೆಯುತ್ತೇನೆ, ಕನ್ನಡದಲ್ಲೇ ಹೇಳು, ಯಾರ ಬಗ್ಗೆ ಹೇಳುತ್ತೀ? ಅವಳು ಬಹಳ ಹೊತ್ತು ಯೋಚಿಸಿದಳು. ಬೆಲ್ ಹೊಡೆಯಿತು, ಮುಂದಿನ ಕ್ಲಾಸಿನವರು ಬಾಗಿಲಲ್ಲಿ ಇಣುಕಿ ಹೋದರು. ನಾನು ಮೊಬೈಲು ತೆಗೆಯಲಿಲ್ಲ. "ಲಾಂಚಿನ ಮಂಜಣ್ಣ," ಎಂದಳು ಕೊನೆಗೆ.

ಅಂದ ಹಾಗೆ, ಹಿನ್ನೀರಿಗೆ ಸೇತುವೆ ಆಯಿತು ಮೇಷ್ಟ್ರೇ. ಅದು ನಿಮ್ಮ ಜನ್ಮದಲ್ಲಿ ಆಗುವುದಿಲ್ಲ ಎಂದು ಪಂದ್ಯ ಕಟ್ಟಿದ್ದಿರಿ, ಒಂದು ಲೆಕ್ಕದಲ್ಲಿ ಗೆದ್ದಿರಿ. ಸೇತುವೆ ಆಗುವ ಮೊದಲು ಚೈತ್ರ ಊರಿನಿಂದ ಬರಬೇಕಾದರೆ ಜನರನ್ನೂ ಗಾಡಿಗಳನ್ನೂ ದಾಟಿಸುವ ಲಾಂಚ್ ಹತ್ತಿ ಹೊಳೆಬಾಗಿಲಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕಿತ್ತು. ಮಂಜಣ್ಣ ಲಾಂಚಿನಲ್ಲಿ ಹಗ್ಗ ಕಟ್ಟುವ, ಗಾಡಿಗಳನ್ನು ಹಿಂದೆ ಮುಂದೆ ನಿಲ್ಲಿಸುವ ಮನುಷ್ಯ. ಪಿಯುಸಿ ಪರೀಕ್ಷೆಯ ದಿನ ಅವಳು ದಡಕ್ಕೆ ಓಡಿ ಬರುವಷ್ಟರಲ್ಲಿ ಲಾಂಚ್ ಬಿಟ್ಟಾಗಿತ್ತು. ಇವನು ಕೂಗಿ ಹೇಳಿ ಅದನ್ನು ತಿರುಗಿಸಿದನಂತೆ. ದೇವಸ್ಥಾನಕ್ಕೆ ಹೋಗಿ ವಾಪಸ್ ಹೊರಟಿದ್ದ ಕಾರಿನವರು ರೇಗಿದರು. ಇವನು ಹಗ್ಗ ಎಳೆಯುತ್ತಲೇ, "ನಿಮ್ಗೆ ದೇವ್ರ ದರ್ಶನ ಆಯ್ತಲ್ಲ, ಇನ್ನೆಂತ ಅವಸರ? ಈ ಕೂಸಿಗೆ ಪರೀಕ್ಷೆ ಉಂಟು," ಎಂದನಂತೆ. ಹೇಳುತ್ತಾ ಹೇಳುತ್ತಾ ಚೈತ್ರ ಎದ್ದು ನಿಂತು ಹಗ್ಗ ಎಳೆಯುವುದನ್ನು ಮಾಡಿಯೇ ತೋರಿಸಿದಳು. ಮೂರು ವರ್ಷದಿಂದ ನನ್ನ ಕ್ಲಾಸಿನಲ್ಲಿ ಕೂತ ಹುಡುಗಿ ಇವಳೇನಾ ಎನಿಸಿತು. ಅವಳ ಮಾತನ್ನೇ ಇಂಗ್ಲಿಷಿನಲ್ಲಿ ಬರೆದೆ, ಅವಳಿಗೆ ಬರುವ ಶಬ್ದಗಳಲ್ಲೇ. ಹತ್ತು ದಿನ ಅವಳು ಅದನ್ನು ಹೇಳಿ ಹೇಳಿ ನೋಡಿಕೊಂಡಳು.

ಪರೀಕ್ಷಕರ ಕರೆ ಬಂದ ದಿನ ಒಬ್ಬೊಬ್ಬರೇ ಒಳಗೆ ಹೋದರು. ಚೈತ್ರ ಕಾಲು ಗಂಟೆಯ ಮೇಲೆ ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಆ ಮೇಡಮ್ ಪೂರ್ತಿ ಹೇಳಕ್ಕೇ ಬಿಡ್ಲಿಲ್ಲ. ಮಧ್ಯ ಕೇಳಿದ್ರು, ಸೇತುವೆ ಆದ್ಮೇಲೆ ಆ ಮನುಷ್ಯ ಎಂತ ಮಾಡ್ತಾ ಇದಾನೆ ಅಂತ. ನಾವು ಅದು ಬರ್ಕೊಂಡೇ ಇರ್ಲಿಲ್ಲ."

"ನೀನು ಎಂತ ಹೇಳ್ದೆ?"

"ಸುಮ್ನೆ ಕೂತೆ, ಸುಮಾರು ಹೊತ್ತು. ಅವ್ರೂ ಕಾದ್ರು. ಆಮೇಲೆ ಗೊತ್ತಿಲ್ಲ ಅಂದೆ. ನಾನು ಅವ್ನನ್ನ ಕೇಳೇ ಇಲ್ಲ, ಈಗ ಬಸ್ಸಲ್ಲಿ ಮೊಬೈಲ್ ನೋಡ್ತಾ ಸೇತುವೆ ದಾಟ್ತೀನಿ, ಅವ್ನು ನೆನ್ಪೇ ಆಗೂದಿಲ್ಲ ಅಂದೆ. ನಂಗೆ ನಾಚ್ಕೆ ಆಗ್ತಾ ಇದೆ ಅಂತನೂ ಹೇಳ್ಬಿಟ್ಟೆ. ಇಂಗ್ಲಿಷಲ್ಲೇ ಹೇಳ್ದೆ, ಎಷ್ಟು ತಪ್ಪಾಯ್ತೋ ಗೊತ್ತಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ.

ಫಲಿತಾಂಶ ಬಂದದ್ದು ಕೊನೆಯ ದಿನಕ್ಕೆ ಎರಡು ದಿನ ಮೊದಲು. ಚೈತ್ರ ಪಾಸಾಗಿದ್ದಳು, ಅಂಚಿನಲ್ಲಿ, ಕೂದಲೆಳೆಯಷ್ಟರಲ್ಲಿ. ಸೀಟು ಉಳಿಯಿತು. ನಲವತ್ತೊಂದರಲ್ಲಿ ಆರು ಜನ ಪಾಸಾಗಲಿಲ್ಲ, ಅದನ್ನೂ ಹೇಳುತ್ತೇನೆ. ಅವರಲ್ಲೊಬ್ಬ ಕಾರಿಡಾರಿನಲ್ಲಿ ಸಿಕ್ಕಿ, "ಮೇಡಮ್, ನಮ್ಗೆ ಆ ಮಾವನೇ ವಾಸಿ ಇದ್ದ," ಎಂದ. ಈಗ ಆ ಆರು ಜನರ ಜೊತೆ ಸಂಜೆ ಕೂರುತ್ತಿದ್ದೇನೆ. ಪರೀಕ್ಷೆ ಎಲ್ಲಿಗೂ ಹೋಗಿಲ್ಲ, ಹೋಗುವುದೂ ಇಲ್ಲ. ಹೊಸ ಬ್ಯಾಚಿನಲ್ಲಿ ಶುಕ್ರವಾರ ಮಾತ್ರ ಸ್ಟಾಪ್‌ವಾಚ್ ತೆಗೆಯುತ್ತೇನೆ. ಉಳಿದ ದಿನ ನಿಮ್ಮ ಪ್ರಶ್ನೆಯನ್ನೇ ಕೇಳುತ್ತೇನೆ, ಆದರೆ ನಿಮ್ಮ ಹಾಗೆ ಮುಂದಿನ ಬೆಂಚಿಗೆ ಬಿಟ್ಟುಬಿಡುವುದಿಲ್ಲ, ಪಾಳಿ ಹಚ್ಚುತ್ತೇನೆ, ಪ್ರತಿಯೊಬ್ಬರೂ ಏಳಲೇಬೇಕು. ಎದ್ದ ಮೇಲೆ ಎಷ್ಟು ಹೊತ್ತಾದರೂ ಕಾಯುತ್ತೇನೆ. ಇನ್ನೊಂದು ಮಾತು ಕೊಡುತ್ತೇನೆ. ನನ್ನ ಕೈಯಲ್ಲಿರುವ ಇಂಟರ್ನಲ್ ಅಂಕಗಳಲ್ಲಿ ಸ್ವಂತದ್ದನ್ನು ಬರೆದ ಯಾವ ಮಗುವಿಗೂ ಹತ್ತಕ್ಕೆ ನಾಲ್ಕು ಬೀಳುವುದಿಲ್ಲ. ಮೇಲಿನವರು ಕೇಳಿದರೆ ಕೇಳಲಿ.

ಚೈತ್ರ ಹೊರಡುವ ಹಿಂದಿನ ದಿನ ಫೋನು ಮಾಡಿದ್ದಳು. "ಮೇಡಮ್, ಆ ಪರೀಕ್ಷೆ ಮಾಡಿದ್ರಲ್ಲ, ಆ ಮೇಡಮ್ ವಿಳಾಸ ಸಿಗ್ತದಾ?" ಎಂದಳು. ಅವರು ಯಾರೆಂದು ನನಗೂ ಗೊತ್ತಿಲ್ಲ, ಪರೀಕ್ಷಕರ ಹೆಸರು ಯಾರಿಗೂ ಹೇಳುವುದಿಲ್ಲ ಎಂದೆ. "ಹಂಗಾರೆ ನಿಮ್ಗೇ ಬರೀತೀನಿ," ಎಂದಳು. ಎಂಟು ದಿನದ ಮೇಲೆ ಅವಳ ಯೂನಿವರ್ಸಿಟಿಯಿಂದ ಕಾಗದ ಬಂತು, ಎರಡು ಪುಟ, ಇಂಗ್ಲಿಷಿನಲ್ಲಿ. ಹೊರಟ ದಿನ ಅವಳು ಬ್ಯಾಗು ಸೂಟ್‌ಕೇಸು ಸಮೇತ ಸೇತುವೆಯ ತುದಿಯಲ್ಲಿ ಬಸ್ಸಿಳಿದು ಮಂಜಣ್ಣನನ್ನು ಹುಡುಕಿದ್ದಾಳೆ. ಅವನೀಗ ಅಲ್ಲಿ ಸೇತುವೆ ನೋಡಲು ಬರುವವರಿಗೆ ಎಳನೀರು ಮಾರುತ್ತಾನಂತೆ. ಮೊಣಕಾಲು ನೋವಂತೆ. ಲಾಂಚಿನ ಹಗ್ಗ ಎಳೆದು ಅಂಗೈ ಜಡ್ಡುಗಟ್ಟಿದ್ದು ಇನ್ನೂ ಹೋಗಿಲ್ಲವಂತೆ, ತೋರಿಸಿದನಂತೆ. ಇಷ್ಟೆಲ್ಲ ಯಾಕೆ ಕೇಳುತ್ತೀ ಎಂದನಂತೆ. ನಿನ್ನ ವಿಷಯ ನನ್ನ ಪರೀಕ್ಷೆಯಲ್ಲಿ ಕೇಳಿದ್ದರು, ನನಗೆ ಗೊತ್ತಿರಲಿಲ್ಲ ಎಂದು ಇವಳು ಹೇಳಿದ್ದಾಳೆ. ಅದಕ್ಕೆ ಅವನು ಎಳನೀರು ಕೆತ್ತುವುದನ್ನು ನಿಲ್ಲಿಸಿ ಕೇಳಿದ್ದನ್ನು ಮಾತ್ರ ಅವಳು ಕನ್ನಡದಲ್ಲೇ ಬರೆದಿದ್ದಾಳೆ. "ಹಂಗಾರೆ ಈಗ ಹೋಗಿ ಹೇಳ್ತಿಯಾ ಅವ್ರಿಗೆ?"

ಯಾರಿಗೆ ಹೇಳುವುದು ಮೇಷ್ಟ್ರೇ? ಪರೀಕ್ಷೆ ಮುಗಿದಿತ್ತು, ಸೀಟು ಸಿಕ್ಕಿತ್ತು, ಅಂಕ ಕೊಡುವವರು ಯಾರೂ ಉಳಿದಿರಲಿಲ್ಲ. ಆಮೇಲೂ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದ ವಿದ್ಯಾರ್ಥಿ ನನಗೆ ಇಪ್ಪತ್ತು ವರ್ಷದಲ್ಲಿ ಇವಳೊಬ್ಬಳೇ ಸಿಕ್ಕಿದ್ದು. ಇದನ್ನು ಕೇಳಿ ನಿಮ್ಮಷ್ಟು ಸಂತೋಷಪಡುವವರು ನನಗೆ ಇನ್ಯಾರೂ ಇಲ್ಲ, ಅದಕ್ಕೇ ನಿಮಗೆ ಬರೆದೆ.

ನಿಮ್ಮ
ಸುಮಾ